ಗಾಲ್ಫ್ ಕಲಿಕೆ: ಕುಳಿಯಿಂದ ಹಿಂದಕ್ಕೆ

ಕ್ರಿಕೆಟ್‌ನಲ್ಲಿ ಚೆಂಡು ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಎದೆಯೆತ್ತರಕ್ಕೆ ಬರಬಹುದು. ಟೆನಿಸ್‌ನಲ್ಲಿ ಎದುರಾಳಿ ಯಾವ ಮೂಲೆಗೆ ಹೊಡೆಯುತ್ತಾನೆಂದು ಹೇಳಲಾಗದು. ಗಾಲ್ಫ್‌ನಲ್ಲಿ ಈ ತೊಂದರೆಗಳು ಒಂದೂ ಇಲ್ಲ. ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದನ್ನು ಯಾರೂ ಎಸೆಯುವುದಿಲ್ಲ, ಹೊಡೆದ ಮೇಲೆ ಯಾರೂ ತಡೆಯುವುದಿಲ್ಲ. ಆಟಗಾರ ನಿಧಾನವಾಗಿ ನಿಂತು, ಗುರಿ ನೋಡಿ, ಒಂದು ಉಸಿರು ಬಿಟ್ಟು ಹೊಡೆಯಬಹುದು. ಇಷ್ಟೆಲ್ಲ ಅನುಕೂಲವಿದ್ದರೂ ಮೊದಲ ಬಾರಿ ಕೋಲು ಹಿಡಿದವರ ಪಾಡು ನೋಡುವಂತಿರುತ್ತದೆ. ಒಮ್ಮೆ ಗಾಳಿಗೆ ಬೀಸುತ್ತಾರೆ, ಇನ್ನೊಮ್ಮೆ ಚೆಂಡಿನ ಹಿಂದಿನ ಮಣ್ಣನ್ನು ಅಗೆಯುತ್ತಾರೆ, ಮತ್ತೊಮ್ಮೆ ಕೋಲು ಚೆಂಡಿನ ನೆತ್ತಿಯನ್ನಷ್ಟೇ ಸವರಿ ಅದು ಹತ್ತು ಮಾರು ಉರುಳಿ ನಿಲ್ಲುತ್ತದೆ. ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೆಚ್ಚು ಶ್ರಮವಿಲ್ಲದೆ ನೂರು ಮೀಟರ್ ಆಚೆಗೆ ಚೆಂಡು ಕಳಿಸುತ್ತಿದ್ದರಂತೂ ದಷ್ಟಪುಷ್ಟ ಯುವಕರ ಮುಖ ಸಪ್ಪಗಾಗುತ್ತದೆ.

ನಿಂತ ಚೆಂಡು ಇಷ್ಟೊಂದು ಕಾಡುವುದೇಕೆ? ಚಿನ್ನಿದಾಂಡು ಆಡಿದವರಿಗೆ ಉತ್ತರದ ಅರ್ಧ ಭಾಗ ಗೊತ್ತಿರುತ್ತದೆ. ಚಿನ್ನಿ ಗಾಳಿಗೆ ಚಿಮ್ಮಿದ ಮೇಲೆ ಯೋಚನೆ ಮಾಡಲು ಸಮಯವಿರುವುದಿಲ್ಲ; ಕಣ್ಣು ನೋಡುತ್ತದೆ, ಕೈ ಹೊಡೆಯುತ್ತದೆ. ಗಾಲ್ಫ್‌ನಲ್ಲಿ ಸಮಯ ಬೇಕಾದಷ್ಟಿದೆ. ಆ ಸಮಯವೇ ಶತ್ರು. ಕೈ ಮಾಡುವ ಕೆಲಸದಲ್ಲಿ ತಲೆ ಮೂಗು ತೂರಿಸುತ್ತದೆ. ಉತ್ತರದ ಇನ್ನರ್ಧ ಭಾಗ ಗಣಿತಕ್ಕೆ ಸೇರಿದ್ದು. ಚೆಂಡಿನ ವ್ಯಾಸ ನಿಯಮದ ಪ್ರಕಾರ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂಗಿಂತ ಹೆಚ್ಚಿರಬಾರದು. ಒಂದು ದೊಡ್ಡ ನಿಂಬೆಹಣ್ಣೆಂದುಕೊಳ್ಳಿ. ಕೋಲಿನ ತುದಿ ಚೆಂಡನ್ನು ಬಿಟ್ಟು ಹಿಂದೆ ಹೋಗಿ, ಭುಜದ ಮೇಲೇರಿ, ಮತ್ತೆ ಹಲವು ಮೀಟರ್ ಕೆಳಗಿಳಿದು ಬಂದು, ಬಿಟ್ಟ ಜಾಗಕ್ಕೇ ಕೆಲವು ಮಿಲಿಮೀಟರ್‌ಗಳ ಅಳತೆಯಲ್ಲಿ ತಲುಪಬೇಕು. ತಲುಪಿದಾಗ ಕೋಲಿನ ಮುಖ ಗುರಿಯ ಕಡೆಗೇ ತಿರುಗಿರಬೇಕು. ಕೋಲು ಮತ್ತು ಚೆಂಡಿನ ಸ್ಪರ್ಶ ಸುಮಾರು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಹೊಡೆತದ ಸದ್ದು ನೆಲದಿಂದ ಕಿವಿಗೆ ಬರಲು ಅದರ ಎಂಟೊಂಬತ್ತು ಪಟ್ಟು ಸಮಯ ಬೇಕು. ಅಂದರೆ ‘ಟಕ್’ ಎಂಬ ಸದ್ದು ಕೇಳಿಸುವಷ್ಟರಲ್ಲಿ ಜೋರಾಗಿ ಹೊಡೆದ ಚೆಂಡು ಕೋಲನ್ನು ಬಿಟ್ಟು ಒಂದು ಗೇಣು ದೂರ ಹೋಗಿಯಾಗಿರುತ್ತದೆ. ಕೊನೆಯ ಗಳಿಗೆಯಲ್ಲಿ ತಿದ್ದಿಕೊಳ್ಳುತ್ತೇನೆ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಹಾಗಿದ್ದರೆ ಕಲಿಕೆ ಎಲ್ಲಿಂದ ಶುರುವಾಗಬೇಕು? ಟಿ.ವಿ.ಯಲ್ಲಿ ಕಾಣುವುದು ದೊಡ್ಡ ತಲೆಯ ‘ಡ್ರೈವರ್’ ಕೋಲಿನಿಂದ ಇನ್ನೂರೈವತ್ತು ಮೀಟರ್ ಹೊಡೆಯುವ ದೃಶ್ಯ. ಮಕ್ಕಳಿಗೂ ಅದೇ ಬೇಕು, ಅಪ್ಪಂದಿರಿಗೂ ಅದೇ ಬೇಕು. ಆದರೆ ಅನುಭವಿ ತರಬೇತುದಾರರಲ್ಲಿ ಅನೇಕರು ಹೇಳುವ ದಾರಿ ಇದಕ್ಕೆ ತದ್ವಿರುದ್ಧ. ಆಟ ಮುಗಿಯುವ ಕುಳಿಯ ಬಳಿ ಶುರುಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ ಎನ್ನುತ್ತಾರೆ ಅವರು. ಇದು ಬರಿಯ ಹಿತವಚನವಲ್ಲ. ಸಾಮಾನ್ಯವಾಗಿ 18 ಕುಳಿಗಳ ಮೈದಾನವನ್ನು 72 ಹೊಡೆತಗಳಲ್ಲಿ ಮುಗಿಸಬೇಕೆಂಬುದು ‘ಪಾರ್’ ಲೆಕ್ಕ. ಈ ಲೆಕ್ಕದಲ್ಲಿ ಪ್ರತಿ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ, ಅಂದರೆ ‘ಗ್ರೀನ್’ ಮೇಲೆ, ಎರಡು ಹೊಡೆತಗಳನ್ನು ಇಟ್ಟಿರುತ್ತಾರೆ. ಹದಿನೆಂಟೆರಡಲೆ ಮೂವತ್ತಾರು. ಅಲ್ಲಿಗೆ ಆಟದ ಅರ್ಧ ಭಾಗ ನೆಲದ ಮೇಲೆ ಮೆಲ್ಲಗೆ ಉರುಳಿಸುವ ಕೆಲಸವೇ ಆಯಿತು. ಅದಕ್ಕೆ ತೋಳ್ಬಲ ಬೇಡ, ವಯಸ್ಸಿನ ಹಂಗಿಲ್ಲ.

ಗೋಲಿಯಾಟದ ನೆಂಟ

ಉರುಳಿಸುವ ಈ ಹೊಡೆತಕ್ಕೆ ‘ಪಟ್’ ಎಂದು ಹೆಸರು. ಅದಕ್ಕೆ ಬಳಸುವ ಕೋಲು ಪಟರ್. (ಗಾಲ್ಫ್ ಕೋಲಿಗೆ ಕ್ಲಬ್ ಎನ್ನುತ್ತಾರೆ, ಆಡುವ ಸಂಘಕ್ಕೂ ಕ್ಲಬ್ ಎನ್ನುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಕೋಲು ಎಂದೇ ಕರೆದಿದೆ.) ಗುಳಿ ತೋಡಿ ಗೋಲಿ ಆಡಿದ ಹಳ್ಳಿಯ ಹುಡುಗರಿಗೆ ಪಟ್ ಅಪರಿಚಿತವೇನಲ್ಲ. ನೆಲದ ಇಳಿಜಾರು ಎತ್ತ ಇದೆ, ಎಷ್ಟು ಮೆಲ್ಲಗೆ ಬಿಟ್ಟರೆ ಗೋಲಿ ಗುಳಿಯ ಅಂಚಿನಲ್ಲಿ ಸಾಯುತ್ತದೆ, ಎಷ್ಟು ಜೋರಾದರೆ ಹಾರಿ ಆಚೆ ಹೋಗುತ್ತದೆ ಎಂಬ ಅಂದಾಜು ಅವರ ಕಣ್ಣಿನಲ್ಲೇ ಇರುತ್ತದೆ.

ಗಾಲ್ಫ್ ಕುಳಿಯ ವ್ಯಾಸ 108 ಮಿಲಿಮೀಟರ್. ಕುಳಿಯಿಂದ 3 ಮೀಟರ್ ದೂರದಲ್ಲಿ ಚೆಂಡು ಇದೆ ಎಂದಿಟ್ಟುಕೊಳ್ಳಿ. ಚೆಂಡು ಹೊರಡುವ ದಿಕ್ಕು ಕೇವಲ 1 ಡಿಗ್ರಿ ಓರೆಯಾದರೆ ಕುಳಿಯ ಹತ್ತಿರ ಬರುವಷ್ಟರಲ್ಲಿ ಅದು 5.2 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಕುಳಿಯ ನಡುವಿನಿಂದ ಅಂಚಿಗೆ ಇರುವ ದೂರ 5.4 ಸೆಂಟಿಮೀಟರ್. ಎಂದರೆ ಒಂದು ಡಿಗ್ರಿ ತಪ್ಪಿದರೂ ಚೆಂಡು ಅಂಚಿನಲ್ಲಿ ತೂಗಾಡುತ್ತದೆ, ಎರಡು ಡಿಗ್ರಿ ತಪ್ಪಿದರೆ ಆಸೆಯೇ ಇಲ್ಲ. ಹತ್ತನೇ ತರಗತಿಯ ತ್ರಿಕೋನಮಿತಿ ಯಾತಕ್ಕೆ ಉಪಯೋಗ ಎಂದು ಕೇಳುವ ಮಕ್ಕಳಿಗೆ ಈ ಲೆಕ್ಕ ಕೊಡಬಹುದು. ಇದೇ 1 ಡಿಗ್ರಿ 200 ಮೀಟರ್ ಹೊಡೆತದಲ್ಲಿ ಮೂರೂವರೆ ಮೀಟರ್ ವ್ಯತ್ಯಾಸ ತರುತ್ತದೆ. ಅಲ್ಲಿ ಅದು ಗಮನಕ್ಕೂ ಬರುವುದಿಲ್ಲ, ಏಕೆಂದರೆ ಹುಲ್ಲಿನ ದಾರಿ ಮೂವತ್ತು ನಲವತ್ತು ಮೀಟರ್ ಅಗಲವಿರುತ್ತದೆ. ಕೋಲಿನ ಮುಖವನ್ನು ನೇರವಾಗಿ ಇಡುವ ಶಿಸ್ತನ್ನು ಪಟ್ ಕಲಿಸುವಷ್ಟು ಕಟ್ಟುನಿಟ್ಟಾಗಿ ಬೇರಾವ ಹೊಡೆತವೂ ಕಲಿಸುವುದಿಲ್ಲ.

ದಿಕ್ಕಿನಷ್ಟೇ ಮುಖ್ಯವಾದುದು ವೇಗ. ಪಟ್ ಹೊಡೆಯುವಾಗ ಮಣಿಕಟ್ಟು ಮಣಿಯಬಾರದು. ಭುಜ, ತೋಳು, ಕೋಲು ಒಟ್ಟಾಗಿ ಗಡಿಯಾರದ ಲೋಲಕದಂತೆ ತೂಗಬೇಕು. ಲೋಲಕದ ಪಾಠ ನೆನಪಿರುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಎಷ್ಟೇ ದೂರ ಹಿಂದಕ್ಕೆ ಎಳೆದರೂ ಲೋಲಕ ತೂಗಲು ತೆಗೆದುಕೊಳ್ಳುವ ಸಮಯ ಹೆಚ್ಚುಕಡಿಮೆ ಒಂದೇ, ಆದರೆ ತಳದಲ್ಲಿ ಅದರ ವೇಗ ಹೆಚ್ಚುತ್ತದೆ. ಎಳೆದ ದೂರ ಎರಡು ಪಟ್ಟಾದರೆ ತಳದ ವೇಗ ಸುಮಾರು ಎರಡು ಪಟ್ಟು. ಹುಲ್ಲಿನ ಘರ್ಷಣೆಗೆ ಎದುರಾಗಿ ಚೆಂಡು ಉರುಳುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಆದ್ದರಿಂದ ಅದು ಸುಮಾರು ನಾಲ್ಕು ಪಟ್ಟು. ಕೋಲನ್ನು ಒಂದು ಗೇಣು ಹಿಂದಕ್ಕೆ ಎಳೆದಾಗ ಎರಡು ಮೀಟರ್ ಹೋದ ಚೆಂಡು ಎರಡು ಗೇಣು ಎಳೆದಾಗ ನಾಲ್ಕಲ್ಲ, ಎಂಟು ಮೀಟರ್ ಹೋಗಬಹುದು. ಹೊಸಬರ ಪಟ್ ಕುಳಿ ದಾಟಿ ಎಲ್ಲೋ ಹೋಗಿ ನಿಲ್ಲುವುದರ ಗುಟ್ಟು ಇದೇ. ಮನುಷ್ಯನ ತೋಳು ಲೋಲಕದಷ್ಟು ನಿಯಮಬದ್ಧವಲ್ಲ, ನಿಜ. ಆದರೂ ಒಂದೇ ಲಯದಲ್ಲಿ ತೂಗುವುದನ್ನು ರೂಢಿಸಿಕೊಂಡರೆ ದೂರದ ಅಂದಾಜು ವಾರದೊಳಗೆ ಸುಧಾರಿಸುವುದನ್ನು ಕಾಣಬಹುದು.

ಇದಕ್ಕೆ ಮೈದಾನವೂ ಬೇಡ. ಮನೆಯ ಹಜಾರದಲ್ಲಿ ಚಾಪೆಯನ್ನೋ ಜಮಖಾನವನ್ನೋ ಹಾಸಿ, ಒಂದು ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ಮೂರು ಹೆಜ್ಜೆ ದೂರದಿಂದ ಉರುಳಿಸಬಹುದು. ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ ಎರಡು ಪಠ್ಯಪುಸ್ತಕಗಳನ್ನು ನಡುವೆ ಚೆಂಡಿನ ಒಂದೂವರೆಯಷ್ಟು ಜಾಗ ಬಿಟ್ಟು ಇಟ್ಟರೆ ದಿಕ್ಕಿನ ಪರೀಕ್ಷೆಯೂ ಆಯಿತು. ಪುಸ್ತಕಕ್ಕೆ ಚೆಂಡು ತಗುಲಿದರೆ ಕೋಲಿನ ಮುಖ ತಿರುಗಿದೆ ಎಂದರ್ಥ.

ಮೇಲೇರಬೇಕಾದರೆ ಕೆಳಗೆ ಹೊಡೆ

ಪಟ್ ಕೈವಶವಾದ ಮೇಲೆ ಗ್ರೀನ್ ಅಂಚಿನಿಂದ ಹತ್ತಿಪ್ಪತ್ತು ಮೀಟರ್ ಹಿಂದೆ ಸರಿದು ‘ಚಿಪ್’ ಮಾಡುವುದು, ಆಮೇಲೆ ಐವತ್ತು ಮೀಟರ್, ಆಮೇಲೆ ಏಳನೇ ನಂಬರಿನ ‘ಐರನ್’ ಕೋಲಿನಿಂದ ಪೂರ್ತಿ ಬೀಸು. ಮೊದಲ ಬಾರಿಗೆ ಚೆಂಡು ಗಾಳಿಗೇರುವುದು ಇಲ್ಲಿ, ಮೊದಲ ದೊಡ್ಡ ತಪ್ಪು ಕಲ್ಪನೆ ಅಡ್ಡ ಬರುವುದೂ ಇಲ್ಲೇ.

ಚೆಂಡು ಮೇಲೇರಬೇಕಾದರೆ ಅದನ್ನು ಕೆಳಗಿನಿಂದ ಎತ್ತಬೇಕು ಎಂದು ಮನಸ್ಸು ಹೇಳುತ್ತದೆ. ಸಾರನ್ನು ಸೌಟಿನಿಂದ ಎತ್ತುವಂತೆ ಹೊಸಬರು ಚೆಂಡನ್ನು ಎತ್ತಲು ನೋಡುತ್ತಾರೆ. ದೇಹದ ಭಾರ ಹಿಂದಿನ ಕಾಲಿಗೆ ಹೋಗುತ್ತದೆ, ಕೋಲು ಚೆಂಡಿಗೆ ಮೊದಲೇ ನೆಲಕ್ಕೆ ತಗುಲುತ್ತದೆ, ಇಲ್ಲವೇ ಮೇಲೇಳುತ್ತಾ ಬಂದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ನಿಜವಾಗಿ ಎತ್ತುವ ಕೆಲಸ ಆಟಗಾರನದಲ್ಲ, ಕೋಲಿನದು. ಏಳನೇ ಐರನ್‌ನ ಮುಖ ಸುಮಾರು 30ರಿಂದ 34 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಗಿಡ್ಡ ಹೊಡೆತಗಳಿಗೆ ಬಳಸುವ ‘ವೆಜ್’ ಕೋಲುಗಳಲ್ಲಿ ಈ ವಾಲು ಸಾಮಾನ್ಯವಾಗಿ 45 ಡಿಗ್ರಿಯಿಂದ 60 ಡಿಗ್ರಿವರೆಗೆ ಇರುತ್ತದೆ. ಕೋಲು ಇನ್ನೂ ಕೆಳಗಿಳಿಯುತ್ತಿರುವಾಗಲೇ ಚೆಂಡಿಗೆ ತಗುಲಿ, ಆಮೇಲೆ ಮುಂದಿನ ಹುಲ್ಲನ್ನು ಕತ್ತರಿಸಬೇಕು. ವಾಲಿದ ಮುಖ ಚೆಂಡನ್ನು ತಾನಾಗಿ ಮೇಲಕ್ಕೆ ಕಳಿಸುತ್ತದೆ. ಒಳ್ಳೆಯ ಆಟಗಾರರು ಐರನ್‌ನಿಂದ ಹೊಡೆದ ಜಾಗ ನೋಡಿದರೆ ಕಿತ್ತ ಹುಲ್ಲಿನ ಗುರುತು ಚೆಂಡು ಇದ್ದ ಜಾಗಕ್ಕಿಂತ ಮುಂದಿರುತ್ತದೆ, ಹಿಂದಲ್ಲ.

ಇದನ್ನು ಪರೀಕ್ಷಿಸಿಕೊಳ್ಳಲು ಒಂದು ಚಿಟಿಕೆ ರಂಗೋಲಿ ಪುಡಿ ಸಾಕು. ನೆಲದ ಮೇಲೆ ಒಂದು ಗೆರೆ ಎಳೆದು, ಆ ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆಯೇ ಬೀಸುವುದು. ಕೋಲು ನೆಲಕ್ಕೆ ತಗುಲಿದ ಗುರುತು ಗೆರೆಯ ಮೇಲೋ ಮುಂದೋ ಇದ್ದರೆ ಸರಿ, ಹಿಂದಿದ್ದರೆ ಸೌಟು ಬಿಟ್ಟಿಲ್ಲವೆಂದು ತಿಳಿಯುವುದು. ಇಪ್ಪತ್ತು ಸಲ ಬೀಸಿ ಎಷ್ಟು ಸಲ ಸರಿಯಾಯಿತೆಂದು ಮಕ್ಕಳೇ ಬರೆದಿಡಲಿ. ಚೆಂಡು ಎಲ್ಲಿಗೆ ಹೋಯಿತೆಂದು ಪದೇಪದೇ ತಲೆಯೆತ್ತಿ ನೋಡುವ ಚಾಳಿಯೂ ಈ ಅಭ್ಯಾಸದಿಂದ ತಪ್ಪುತ್ತದೆ, ನೋಡಲು ಚೆಂಡೇ ಇರುವುದಿಲ್ಲವಲ್ಲ.

ಬಲದ ವಿಷಯವೂ ಹೀಗೇ ತಲೆಕೆಳಗು. ದೂರ ಹೋಗಬೇಕೆಂದು ಕೋಲನ್ನು ಬಿಗಿಹಿಡಿದಷ್ಟೂ ಮುಂಗೈ ಸ್ನಾಯುಗಳು ಸೆಡೆತು ಮಣಿಕಟ್ಟು ಕೀಲುಕಟ್ಟಿದಂತಾಗುತ್ತದೆ. ಹೊಲ ಕಾಯುವವರು ಬೀಸುವ ಕವಣೆಯನ್ನು ನೋಡಿದವರಿಗೆ ಗೊತ್ತು, ಕೈ ನಿಧಾನವಾಗಿ ತಿರುಗುತ್ತಿದ್ದರೂ ತುದಿಯ ಕಲ್ಲು ರಭಸದಿಂದ ಹಾರುತ್ತದೆ. ತೋಳು ಮತ್ತು ಕೋಲು ಮಣಿಕಟ್ಟಿನಲ್ಲಿ ಕೂಡಿಕೊಂಡ ಎರಡು ಲೋಲಕಗಳಿದ್ದಂತೆ. ತೋಳಿನ ವೇಗ ಕೊನೆಯ ಕ್ಷಣದಲ್ಲಿ ಕೋಲಿಗೆ ವರ್ಗವಾಗಬೇಕಾದರೆ ನಡುವಿನ ಕೀಲು ಸಡಿಲವಾಗಿರಬೇಕು. ಕಳಿತ ಬಾಳೆಹಣ್ಣು ಹಿಡಿದಷ್ಟು ಹಗುರವಾದ ಹಿಡಿತ ಸಾಕು. ಬಲಗೈ ಆಟಗಾರರಿಗೆ ಎಡಗೈ ಮೇಲೆ, ಬಲಗೈ ಕೆಳಗೆ. ಬೆರಳುಗಳನ್ನು ಹೆಣೆಯುವ, ಒಂದರ ಮೇಲೊಂದು ಇಡುವ ಪದ್ಧತಿಗಳಿವೆ. ಪುಟ್ಟ ಕೈಗಳ ಮಕ್ಕಳು ಹತ್ತೂ ಬೆರಳಿನಿಂದ ಹಿಡಿದರೂ ಅಡ್ಡಿಯಿಲ್ಲ.

ಚೆಂಡಿನ ಕೆನ್ನೆಯ ಗುಳಿ

ಗಾಲ್ಫ್ ಚೆಂಡಿನ ಮೈತುಂಬ 300ರಿಂದ 500ರವರೆಗೆ ಪುಟ್ಟ ತಗ್ಗುಗಳಿರುತ್ತವೆ. ನುಣುಪಾದ ಚೆಂಡು ಗಾಳಿಯಲ್ಲಿ ಸಲೀಸಾಗಿ ಹೋಗಬೇಕಲ್ಲವೇ? ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಗಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ನುಣುಪು ಚೆಂಡುಗಳು ಬಂದಾಗ ಎಲ್ಲರೂ ಹಾಗೆಯೇ ತಿಳಿದಿದ್ದರು. ಆದರೆ ಆಡಿ ಆಡಿ ಗೀರುಬಿದ್ದ ಹಳೆಯ ಚೆಂಡುಗಳೇ ಹೆಚ್ಚು ದೂರ ಹೋಗುತ್ತಿದ್ದವು. ಇದನ್ನು ಕಂಡ ಆಟಗಾರರು ಹೊಸ ಚೆಂಡುಗಳಿಗೆ ಸುತ್ತಿಗೆಯಿಂದ ಬಡಿದು ಗಾಯಮಾಡತೊಡಗಿದರು. ತಗ್ಗುಗಳ ವಿನ್ಯಾಸಕ್ಕೆ ಇಂಗ್ಲೆಂಡಿನ ವಿಲಿಯಂ ಟೇಲರ್ ಪೇಟೆಂಟ್ ಪಡೆದದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ತಗ್ಗುಗಳು ಚೆಂಡಿನ ಮೈಗೆ ಅಂಟಿದ ಗಾಳಿಯ ತೆಳು ಪದರವನ್ನು ಕಲಕುತ್ತವೆ. ಕಲಕಿದ ಪದರ ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಸಾಗುವುದರಿಂದ ಹಿಂದೆ ಉಳಿಯುವ ಸುಳಿಯ ಜಾಗ ಕಿರಿದಾಗುತ್ತದೆ, ಗಾಳಿಯ ತಡೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇದರ ಜೊತೆಗೆ ವಾಲಿದ ಕೋಲಿನ ಮುಖ ಚೆಂಡಿಗೆ ಹಿಮ್ಮುಖ ತಿರುಗು ಕೊಡುತ್ತದೆ. ಡ್ರೈವರ್ ಹೊಡೆತದಲ್ಲೇ ಅದು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು. ಹೀಗೆ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮವೇ. ಎಡಿನ್‌ಬರೊ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲಿ ಈ ತಿರುಗಿನ ಮಹತ್ವವನ್ನು ಲೆಕ್ಕಹಾಕಿ ತೋರಿಸಿದರು. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಚೆಂಡು ಇಷ್ಟೇ ದೂರ ಹೋಗಬಲ್ಲದೆಂದು ಅಪ್ಪ ಲೆಕ್ಕಹಾಕಿದ್ದನ್ನು ಮಗ ಹೊಡೆದು ಸುಳ್ಳುಮಾಡಿದನೆಂಬ ಕಥೆಯೊಂದು ಚಾಲ್ತಿಯಲ್ಲಿದೆ. ಕಥೆ ಎಂದೇ ಅದನ್ನು ಕೇಳಿ ನಗುವುದು ಒಳ್ಳೆಯದು. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ ಕೂಡ 1910ರಲ್ಲಿ ಗಾಲ್ಫ್ ಚೆಂಡಿನ ಹಾರಾಟದ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟಿದ್ದರು.

ಗಾಳಿಯೇ ಇಲ್ಲದ ಕಡೆ ಹೊಡೆದರೆ? ಅದೂ ಆಗಿದೆ. 1971ರ ಫೆಬ್ರುವರಿಯಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಚಂದ್ರನ ಮೇಲೆ, ಮಣ್ಣಿನ ಮಾದರಿ ತೆಗೆಯುವ ಸಲಕರಣೆಯ ಹಿಡಿಗೆ ಆರನೇ ಐರನ್‌ನ ತಲೆ ಸಿಕ್ಕಿಸಿ ಎರಡು ಚೆಂಡು ಹೊಡೆದರು. ದಪ್ಪ ಉಡುಪಿನಲ್ಲಿ ಒಂದೇ ಕೈಯಿಂದ ಬೀಸಬೇಕಾಗಿತ್ತು. ಎರಡನೆಯದು ಮೈಲಿಗಟ್ಟಲೆ ಹೋಯಿತೆಂದು ಅವರು ತಮಾಷೆ ಮಾಡಿದ್ದರು. ಹಳೆಯ ಚಿತ್ರಗಳನ್ನು 2021ರಲ್ಲಿ ಹೊಸದಾಗಿ ಪರಿಶೀಲಿಸಿದಾಗ ಅದು ಹೋದದ್ದು ಸುಮಾರು 37 ಮೀಟರ್ ಎಂದು ತಿಳಿಯಿತು.

ಮರಳಿ ಭೂಮಿಗೆ ಬಂದರೆ, ಇದೇ ತಿರುಗು ಹೊಸಬರ ಶತ್ರುವೂ ಆಗುತ್ತದೆ. ಬಲಗೈಯವರು ಹೊಡೆದ ಚೆಂಡು ನೇರ ಹೊರಟು ಬಾಳೆಕಾಯಿಯಂತೆ ಬಲಕ್ಕೆ ಬಾಗುವುದನ್ನು ‘ಸ್ಲೈಸ್’ ಎನ್ನುತ್ತಾರೆ. ಚೆಂಡು ಬಲಕ್ಕೆ ಹೋಗುತ್ತಿದೆಯೆಂದು ಹೊಸಬರು ಇನ್ನಷ್ಟು ಎಡಕ್ಕೆ ಬೀಸುತ್ತಾರೆ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬೀಸಿನ ದಾರಿ ನಿರ್ಧರಿಸುತ್ತದೆ ಎಂದು ಹಿಂದೆ ಪುಸ್ತಕಗಳಲ್ಲೂ ಬರೆಯುತ್ತಿದ್ದರು. ರೇಡಾರ್ ಮತ್ತು ಅತಿವೇಗದ ಕ್ಯಾಮೆರಾಗಳ ಅಳತೆಯಿಂದ ಈಗ ತಿಳಿದಿರುವುದು ಬೇರೆ: ಹೊರಡುವ ದಿಕ್ಕು ಬಹುಮಟ್ಟಿಗೆ ಕೋಲಿನ ಮುಖ ಎತ್ತ ನೋಡುತ್ತಿತ್ತು ಎಂಬುದರ ಮೇಲೆ, ಬಾಗುವುದು ಮುಖಕ್ಕೂ ಬೀಸಿನ ದಾರಿಗೂ ಇರುವ ಅಂತರದ ಮೇಲೆ. ಎಡಕ್ಕೆ ಬೀಸಿದಷ್ಟೂ ಆ ಅಂತರ ಹೆಚ್ಚುತ್ತದೆ. ಕೋಲಿನ ಮುಖವನ್ನು ತಿದ್ದಬೇಕೇ ಹೊರತು ಗುರಿಯನ್ನಲ್ಲ. ಜಮಖಾನದ ಮೇಲೆ ಪುಸ್ತಕಗಳ ನಡುವೆ ಚೆಂಡು ಉರುಳಿಸಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಬೆಂಗಳೂರಿನ ಹುಡುಗಿ, ಟೋಕಿಯೊದ ನಾಲ್ಕು ದಿನ

ಕುಳಿಯಿಂದ ಹಿಂದಕ್ಕೆ ಕಲಿತರೆ ಏನಾದೀತು ಎಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಅವರ ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದ ಪಕ್ಕದ ಹೋಟೆಲಿಗೆ ತಿಂಡಿಗೆ ಹೋಗುತ್ತಿದ್ದ ಕುಟುಂಬಕ್ಕೆ ಪಟ್ ಅಭ್ಯಾಸದ ಹುಲ್ಲುಹಾಸಿನಿಂದ ಕೇಳಿಬರುತ್ತಿದ್ದ ಸಂಭ್ರಮದ ಕೂಗು ಕುತೂಹಲ ಹುಟ್ಟಿಸಿತು. ಐದು ವರ್ಷದ ಮಗಳು, ತಂದೆ, ತಾಯಿ ಮೂವರೂ ಒಟ್ಟಿಗೇ ಹೊಸಬರಾಗಿ ಕೋಲು ಹಿಡಿದರು. 2016ರಲ್ಲಿ, ಹದಿನೆಂಟರ ಹರೆಯದಲ್ಲಿ, ಅದಿತಿ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಕೋಲುಗಳ ಚೀಲ ಹೊತ್ತು ನಡೆದವರು ತಂದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತವರು ತಾಯಿ.

ಆ ವರ್ಷ ಕೋವಿಡ್‌ನಿಂದ ಬಳಲಿ ಎದ್ದಿದ್ದ ಅದಿತಿಯ ಹೊಡೆತದ ದೂರ ಮೊದಲಿಗಿಂತಲೂ ತಗ್ಗಿತ್ತು. ಕಣದಲ್ಲಿದ್ದ 60 ಆಟಗಾರ್ತಿಯರಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವರಿದ್ದರು. ಹಾಗಿದ್ದೂ ಮೂರನೆಯ ದಿನ ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಕೊನೆಗೆ ಪಾರ್‌ಗಿಂತ 15 ಹೊಡೆತ ಕಡಿಮೆ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರಿಗಿಂತ ಎರಡೇ ಹೊಡೆತ ಹಿಂದೆ. ದೂರದಲ್ಲಿ ಕಳೆದುಕೊಂಡದ್ದನ್ನು ಅವರು ಗ್ರೀನ್ ಮೇಲೆ, ಪಟರ್ ಹಿಡಿದು ಗಳಿಸಿಕೊಂಡಿದ್ದರು. ಗಾಲ್ಫ್ ಎಂದರೇನೆಂದು ತಿಳಿಯದ ಎಷ್ಟೋ ಮನೆಗಳಲ್ಲಿ ಆ ಶನಿವಾರ ಬೆಳಿಗ್ಗೆ ಟಿ.ವಿ. ಮುಂದೆ ಜನ ಕುಳಿತಿದ್ದರು.

ಈ ಆಟದ ಇನ್ನೊಂದು ಮುಖವನ್ನೂ ಪೋಷಕರು ತಿಳಿದಿರಬೇಕು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಅದಿತಿ ಕೊನೆಯ ದಿನ ಏಳು ಹೊಡೆತಗಳ ಮುನ್ನಡೆಯಿಂದ ಆಟ ಶುರುಮಾಡಿ, ಅಂದು 77 ಹೊಡೆತ ತೆಗೆದುಕೊಂಡು ಬೆಳ್ಳಿಗೆ ಇಳಿದರು. ಆ ಬೆಳ್ಳಿಯೂ ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದ ಮೊದಲ ಪದಕ. ಇಪ್ಪತ್ತು ವರ್ಷ ಆಡಿದವರಿಗೂ ಇಂಥ ದಿನ ಬರುತ್ತದೆ ಎಂದಾದ ಮೇಲೆ, ಮೂರು ತಿಂಗಳು ಕಲಿತ ಮಗ ನಿನ್ನೆ ಚೆನ್ನಾಗಿ ಹೊಡೆದವನು ಇಂದೇಕೆ ಹೊಡೆಯುತ್ತಿಲ್ಲ ಎಂದು ಗದರುವುದರಲ್ಲಿ ಹುರುಳಿಲ್ಲ.

ದುಡ್ಡು ಮತ್ತು ಗೇಟು

ಗಾಲ್ಫ್ ಶ್ರೀಮಂತರ ಆಟ ಎಂಬ ಮಾತನ್ನು ಅಲ್ಲಗಳೆಯಲು ಹೊರಡುವವರು ಸತ್ಯ ಹೇಳುತ್ತಿಲ್ಲ. ಬ್ರಿಟಿಷರ ಜೊತೆ ಬಂದ ಈ ಆಟಕ್ಕೆ 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಕ್ಲಬ್‌ಗಳಾದವು. ಮೈಸೂರು, ಕೊಡಗು, ಚಿಕ್ಕಮಗಳೂರಿನಲ್ಲೂ ಮೈದಾನಗಳಿವೆ. 18 ಕುಳಿಯ ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ನೆಲ ಬೇಕು, ಬೇಸಗೆಯಲ್ಲಿ ಹುಲ್ಲು ಉಳಿಸಲು ನೀರು ಬೇಕು. ಸಂಸ್ಕರಿಸಿದ ಕೊಳಚೆ ನೀರು ಬಳಸುವ ಮೈದಾನಗಳಿವೆಯಾದರೂ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ದೊಡ್ಡ ಕ್ಲಬ್‌ಗಳ ಸದಸ್ಯತ್ವ ಮಧ್ಯಮ ವರ್ಗದ ಕೈಗೆ ಎಟುಕುವಂಥದ್ದಲ್ಲ.

ಆದರೆ ಆ ಗೇಟಿನೊಳಕ್ಕೆ ಬೇರೆ ದಾರಿಯಿಂದ ಹೋದವರಿದ್ದಾರೆ. ಸದಸ್ಯರ ಚೀಲ ಹೊರುವ ಕ್ಯಾಡಿಗಳು ನೋಡಿಯೇ ಕಲಿತರು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಅದೇ ಪಂದ್ಯಾವಳಿಯನ್ನು ಪ್ಲೇ-ಆಫ್‌ನಲ್ಲಿ ಗೆದ್ದರು. 2016 ಮತ್ತು 2017ರಲ್ಲಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಕ್ಲಬ್‌ನ ಹುಲ್ಲು ನೋಡಿಕೊಳ್ಳುತ್ತಿದ್ದವರು. ಸ್ಪೇನಿನ ಸೆವೆ ಬಾಯೆಸ್ಟೆರೊಸ್ ಬಾಲ್ಯದಲ್ಲಿ ಕಡಲ ತೀರದ ಮರಳಿನ ಮೇಲೆ ಮೂರನೇ ನಂಬರಿನ ಒಂದೇ ಹಳೆಯ ಐರನ್‌ನಿಂದ ಎಲ್ಲ ಬಗೆಯ ಹೊಡೆತ ಕಲಿತವರು. 1979ರಲ್ಲಿ, 22ನೇ ವಯಸ್ಸಿನಲ್ಲಿ ಬ್ರಿಟಿಷ್ ಓಪನ್ ಗೆದ್ದರು.

ನಿಯಮದ ಪ್ರಕಾರ ಒಬ್ಬರು 14 ಕೋಲು ಇಟ್ಟುಕೊಳ್ಳಬಹುದು. ಅದು ಗರಿಷ್ಠ ಮಿತಿ, ಕಡ್ಡಾಯವಲ್ಲ. ಅಂಗಡಿಯವರು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಪಟರ್, ಒಂದು ವೆಜ್, ಒಂದು ಏಳನೇ ಐರನ್ ಇದ್ದರೆ ಮೊದಲ ವರ್ಷಕ್ಕೆ ಧಾರಾಳ, ಅವೂ ಬಳಸಿದವಾದರೆ ಇನ್ನೂ ಮೇಲು. ಬೆಳೆಯುವ ಮಗುವಿಗೆ ಪೂರ್ತಿ ಸೆಟ್ ಕೊಂಡರೆ ಎರಡು ವರ್ಷದಲ್ಲಿ ಗಿಡ್ಡವಾಗುತ್ತದೆ. ಹಾಗೆಂದು ಅಪ್ಪನ ಕೋಲನ್ನು ಮಗುವಿನ ಕೈಗೆ ಕೊಡುವುದೂ ತಪ್ಪು. ಭಾರಕ್ಕೆ ಬೆನ್ನು ಬಾಗಿಸಿ ಬೀಸುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಕಷ್ಟ. ಸದಸ್ಯರಲ್ಲದವರೂ ಹಣ ಕಟ್ಟಿ ಬುಟ್ಟಿ ಲೆಕ್ಕದಲ್ಲಿ ಚೆಂಡು ಪಡೆದು ಹೊಡೆಯಬಹುದಾದ ‘ಡ್ರೈವಿಂಗ್ ರೇಂಜ್’ಗಳು ದೊಡ್ಡ ಊರುಗಳಲ್ಲಿವೆ. ಅಲ್ಲಿಯೂ ಒಂದೇ ಉಸಿರಿಗೆ ನೂರು ಚೆಂಡು ಹೊಡೆಯುವ ಹುಮ್ಮಸ್ಸು ಬೇಡ. ಈ ಆಟದಲ್ಲಿ ಮೊದಲು ನೋಯುವುದು ಸೊಂಟ. ಬುಟ್ಟಿಯ ಅರ್ಧ ಚೆಂಡುಗಳನ್ನು ಗಿಡ್ಡ ಹೊಡೆತಗಳಿಗೆ ಮೀಸಲಿಟ್ಟರೆ ಸೊಂಟವೂ ಉಳಿಯುತ್ತದೆ, ಆಟವೂ ಬರುತ್ತದೆ.

ಎರಡು ಅಪಾಯಗಳನ್ನು ಮೊದಲ ದಿನವೇ ಹೇಳಿಕೊಡಬೇಕು. ಯಾರಾದರೂ ಕೋಲು ಬೀಸುತ್ತಿರುವಾಗ ಅವರ ಹಿಂದೆ ಮಕ್ಕಳು ಸುಳಿಯಬಾರದು. ಹಿಂದಕ್ಕೆ ಹೋಗುವ ಕೋಲು ತಲೆಗೆ ಬಡಿದು ಆಗುವ ಗಾಯ ಸಣ್ಣದಲ್ಲ. ಎರಡನೆಯದು ಸಿಡಿಲು. ಏಪ್ರಿಲ್ ಮೇ ತಿಂಗಳ ಸಂಜೆ ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಲ್ಲುವುದು, ಮಳೆ ಬಂತೆಂದು ಒಂಟಿ ಮರದ ಕೆಳಗೆ ಓಡುವುದು ಎರಡೂ ಸಲ್ಲದು. ಗುಡುಗು ಕೇಳಿಸಿತೆಂದರೆ ಕಟ್ಟಡದೊಳಗೆ ಹೋಗಬೇಕು, ಆಟ ಎಷ್ಟೇ ರಂಗೇರಿರಲಿ.

ಲೆಕ್ಕ ಬರೆಯುವವರು ತಾವೇ

ಗಾಲ್ಫ್‌ನಲ್ಲಿ ಬಹುಪಾಲು ಆಟಗಳಿಗೆ ಅಂಪೈರ್ ಇರುವುದಿಲ್ಲ. ತಾನೆಷ್ಟು ಸಲ ಹೊಡೆದೆ ಎಂದು ಆಟಗಾರರೇ ಎಣಿಸಬೇಕು. ಪೊದೆಯ ಹಿಂದೆ ಕಾಲಿನಿಂದ ಚೆಂಡು ಸರಿಸಿದರೆ ನೋಡುವವರು ಯಾರು? 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಹೊಡೆಯಲು ಸಿದ್ಧರಾಗುತ್ತಿದ್ದಾಗ ಉದ್ದ ಹುಲ್ಲಿನಲ್ಲಿ ಚೆಂಡು ಕೊಂಚ ಅಲುಗಿತು. ಬೇರೆ ಯಾರಿಗೂ ಕಾಣಲಿಲ್ಲ. ಜೋನ್ಸ್ ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಪಂದ್ಯ ಸಮವಾಯಿತು, ಮರುದಿನ ನಡೆದ ಪ್ಲೇ-ಆಫ್‌ನಲ್ಲಿ ವಿಲಿ ಮ್ಯಾಕ್‌ಫರ್ಲೇನ್‌ಗೆ ಒಂದು ಹೊಡೆತದಿಂದ ಸೋತರು. ಆ ಒಂದು ದಂಡ ಇಲ್ಲದಿದ್ದರೆ ಪ್ಲೇ-ಆಫ್ ಬೇಕಾಗಿಯೇ ಇರಲಿಲ್ಲ.

ಹೊಸಬರಿಗೆ ಆಟ ಕೊಡುವ ಒಂದು ಸೌಲಭ್ಯ ‘ಹ್ಯಾಂಡಿಕ್ಯಾಪ್’. 2020ರಲ್ಲಿ ಜಾರಿಗೆ ಬಂದ ವಿಶ್ವ ಪದ್ಧತಿಯಲ್ಲಿ ಅದರ ಗರಿಷ್ಠ ಮಿತಿ 54. ಸ್ಥೂಲವಾಗಿ ಹೇಳುವುದಾದರೆ ಪ್ರತಿ ಕುಳಿಗೂ ಮೂರು ಹೊಡೆತದ ರಿಯಾಯಿತಿ. ಹೀಗಾಗಿ ಅಜ್ಜ, ಮೊಮ್ಮಗಳು ಒಂದೇ ಪಂದ್ಯ ಆಡಬಹುದು, ಮೊಮ್ಮಗಳು ಗೆಲ್ಲಲೂಬಹುದು.

ಮೊದಲ ಬಾರಿ ಮೈದಾನಕ್ಕೆ ಇಳಿಯುವಾಗ 18 ಕುಳಿ ಬೇಡ, ಒಂಬತ್ತು ಸಾಕು. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಇಲ್ಲ, ಜನವೂ ಕಡಿಮೆ. ಚೆಂಡು ಯಾರ ಕಡೆಗಾದರೂ ಹಾರಿದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಬೇಕು, ನಾಚಿಕೆ ಬೇಡ. ಕಿತ್ತ ಹುಲ್ಲನ್ನು ಮತ್ತೆ ಜಾಗಕ್ಕೆ ಇಟ್ಟು ತುಳಿಯಬೇಕು, ಮರಳಿನಲ್ಲಿ ಮೂಡಿದ ಹೆಜ್ಜೆಯನ್ನು ಅಲ್ಲೇ ಇಟ್ಟಿರುವ ಹಲುಬೆಯಿಂದ ಸಮ ಮಾಡಬೇಕು. ಕಳೆದ ಚೆಂಡನ್ನು ಹುಡುಕಲು 2019ರಿಂದ ನಿಯಮ ಕೊಡುವುದು ಮೂರು ನಿಮಿಷ ಮಾತ್ರ. ಒಂದೇ ಕುಳಿಗೆ ಹತ್ತು ಹೊಡೆತ ದಾಟಿದರೆ ಗೆಳೆಯರ ಆಟದಲ್ಲಿ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಕುಳಿಗೆ ನಡೆಯಬಹುದು; ಹಿಂದೆ ಕಾಯುತ್ತಾ ನಿಂತವರು ಕೈಮುಗಿಯುತ್ತಾರೆ.